ನಿಂತ ಗಾಡಿ ಮತ್ತು ಪ್ರಯಾಣಿಕರು: ಮಾರ್ಗಮಧ್ಯದ ಆಪತ್ತಿನಲ್ಲಿ ಎಚ್ಚರಿಕೆ ಹಾಗೂ ಹಕ್ಕುಗಳು

2019ರ ಜುಲೈ 26ರ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಕೊಲ್ಲಾಪುರಕ್ಕೆ ಹೊರಟಿತು. ಕರ್ನಾಟಕದ ಗಡಿಗೆ ಸಮೀಪವಿರುವ ಕೊಲ್ಲಾಪುರವನ್ನು ಮರುದಿನ ಬೆಳಿಗ್ಗೆ ತಲುಪಬೇಕಾಗಿದ್ದ ಈ ಗಾಡಿ, ಮುಂಬಯಿಯಿಂದ ಹೆಚ್ಚು ದೂರ ಹೋಗುವ ಮೊದಲೇ, ಬದಲಾಪುರ ಮತ್ತು ವಾಂಗಣಿ ನಿಲ್ದಾಣಗಳ ನಡುವೆ ನಿಂತುಬಿಟ್ಟಿತು. ಆ ರಾತ್ರಿ ಸುರಿದ ಭಾರಿ ಮಳೆಗೆ ಉಲ್ಹಾಸ ನದಿ ಉಕ್ಕಿ ಹರಿದು ಹಳಿಗಳನ್ನು ಮುಳುಗಿಸಿತ್ತು. ಮುಂದೆ ಸಾಗುವಂತಿರಲಿಲ್ಲ, ಹಿಂದಕ್ಕೆ ಮರಳುವಂತೆಯೂ ಇರಲಿಲ್ಲ. ಬೆಳಕು ಹರಿದಾಗ ಗಾಡಿಯ ಸುತ್ತಲೂ ಕಂಡದ್ದು ಕೆಂಪು ನೀರು ಮಾತ್ರ.

ಗಾಡಿಯಲ್ಲಿದ್ದವರು ಸುಮಾರು 1,050 ಮಂದಿ. ಅವರಲ್ಲಿ ಒಂಬತ್ತು ಮಂದಿ ಗರ್ಭಿಣಿಯರಿದ್ದರು. ವೃದ್ಧರು, ಮಕ್ಕಳು, ಹಸುಗೂಸುಗಳಿದ್ದರು. ಕುಡಿಯುವ ನೀರಿಗೂ ಆಹಾರಕ್ಕೂ ಕಷ್ಟವಾಯಿತು. ಕೆಳಗಿಳಿದು ಹೇಗಾದರೂ ದಡ ಸೇರಿಬಿಡಬೇಕೆಂಬ ಆತುರ ಅನೇಕರಲ್ಲಿ ಮೂಡಿದ್ದರೆ ಅದು ಸಹಜವೇ. ಆದರೆ ರೈಲ್ವೆ ಆಡಳಿತವು ಅವರಿಗೆ ಮತ್ತೆ ಮತ್ತೆ ತಿಳಿಸಿದ ಮಾತು ಒಂದೇ: ಯಾರೂ ಕೆಳಗಿಳಿಯಬಾರದು, ಬೋಗಿಯೇ ಸುರಕ್ಷಿತ ಸ್ಥಳ, ರಕ್ಷಣಾ ಪಡೆ ಬರುವವರೆಗೆ ಅಲ್ಲಿಯೇ ಕಾಯಬೇಕು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ದೋಣಿಗಳು ಬಂದವು. ನೌಕಾಪಡೆಯ ಮುಳುಗು ತಜ್ಞರು ಬಂದರು. ವಾಯುಪಡೆ, ಭೂಸೇನೆ, ಸ್ಥಳೀಯ ಪೊಲೀಸರು ಹಾಗೂ ಸುತ್ತಲ ಹಳ್ಳಿಗಳ ಜನರು ಕೈಜೋಡಿಸಿದರು. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಗಾಡಿಯಲ್ಲಿದ್ದ ಪ್ರತಿಯೊಬ್ಬರನ್ನೂ ಪಾರುಮಾಡಲಾಗಿತ್ತು. ಒಂದು ಜೀವವೂ ಹೋಗಲಿಲ್ಲ. ಮುಂದೆ ಕಲ್ಯಾಣದಿಂದ ವಿಶೇಷ ಗಾಡಿಯೊಂದರಲ್ಲಿ ಅವರನ್ನು ಕೊಲ್ಲಾಪುರಕ್ಕೆ ಕಳುಹಿಸಲಾಯಿತು.

ಇದಕ್ಕೆ ವ್ಯತಿರಿಕ್ತವಾದ ಘಟನೆಯೊಂದು 2025ರ ಜನವರಿ 22ರಂದು ಮಹಾರಾಷ್ಟ್ರದ ಜಳಗಾವ ಜಿಲ್ಲೆಯ ಪಾಚೋರಾ ಸಮೀಪ ನಡೆಯಿತು. ಲಖನೌದಿಂದ ಮುಂಬಯಿಗೆ ಬರುತ್ತಿದ್ದ ಪುಷ್ಪಕ್ ಎಕ್ಸ್‌ಪ್ರೆಸ್ಸಿನ ಬೋಗಿಯೊಂದರಲ್ಲಿ ಬೆಂಕಿ ಹತ್ತಿದೆಯೆಂಬ ಮಾತು ಹರಡಿತು. ಯಾರೋ ಸರಪಳಿ ಎಳೆದರು, ಗಾಡಿ ನಿಂತಿತು. ಗಾಬರಿಗೊಂಡ ಪ್ರಯಾಣಿಕರು ಪಕ್ಕದ ಹಳಿಯ ಮೇಲೆ ಇಳಿದರು. ಅದೇ ವೇಳೆಗೆ ಆ ಹಳಿಯಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋಗುತ್ತಿದ್ದ ಕರ್ನಾಟಕ ಎಕ್ಸ್‌ಪ್ರೆಸ್ ಬಂತು. ಕನಿಷ್ಠ ಹನ್ನೆರಡು ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿಯ ಮಾತು ವದಂತಿಯೆಂಬುದು ಆ ಬಳಿಕ ತಿಳಿದುಬಂತು.

ಮೊದಲನೆಯ ಘಟನೆಯಲ್ಲಿ ಆಪತ್ತು ನಿಜವಾಗಿತ್ತು. ಜನರು ಗಾಡಿಯಲ್ಲಿಯೇ ಉಳಿದರು, ಎಲ್ಲರೂ ಬದುಕಿದರು. ಎರಡನೆಯದರಲ್ಲಿ ಬೆಂಕಿ ಇರಲೇ ಇಲ್ಲ; ಜನರು ಇಳಿದರು, ಜೀವಹಾನಿಯಾಯಿತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿ, ಹಬ್ಬ ಹರಿದಿನಗಳಿಗೆ, ಮದುವೆ ಮುಂಜಿಗಳಿಗೆ, ಅನಾರೋಗ್ಯದಲ್ಲಿರುವ ಹಿರಿಯರನ್ನು ನೋಡುವುದಕ್ಕೆ ವರ್ಷದಲ್ಲಿ ಒಂದೆರಡು ಬಾರಿಯಾದರೂ ರೈಲಿನಲ್ಲಿ ಊರಿಗೆ ಹೋಗಿಬರುವ ಕುಟುಂಬಗಳು ಈ ಎರಡು ಘಟನೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಉಚಿತ. ಗಾಡಿ ಏಕೆ ನಿಲ್ಲುತ್ತದೆ, ನಿಂತಾಗ ಅದನ್ನು ಯಾರು ಕಾಯುತ್ತಾರೆ, ಪ್ರಯಾಣಿಕರು ಏನು ಮಾಡಬೇಕು, ಪ್ರಯಾಣ ಮೊಟಕಾದರೆ ಅವರಿಗೆ ಏನು ಸಲ್ಲಬೇಕು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಗಾಡಿ ಏಕೆ ನಿಲ್ಲುತ್ತದೆ?

ಎರಡು ನಿಲ್ದಾಣಗಳ ನಡುವೆ, ಕಾಡಿನಲ್ಲಿಯೋ ಗದ್ದೆಯ ಬಯಲಿನಲ್ಲಿಯೋ ಗಾಡಿ ನಿಂತಾಗ ಅದು ಯಾರದೋ ಅಲಕ್ಷ್ಯದ ಫಲವೆಂದು ಭಾವಿಸುವುದು ಸಾಮಾನ್ಯ. ವಾಸ್ತವವಾಗಿ ಬಹುತೇಕ ಸಂದರ್ಭಗಳಲ್ಲಿ ನಿಲುಗಡೆಯು ಸುರಕ್ಷತಾ ವ್ಯವಸ್ಥೆಯ ಒಂದು ಅಂಗವಾಗಿರುತ್ತದೆ. ರೈಲು ಮಾರ್ಗವನ್ನು ಹಲವು ವಿಭಾಗಗಳಾಗಿ ವಿಂಗಡಿಸಿ, ಒಂದು ಹಳಿಯ ಒಂದು ವಿಭಾಗದಲ್ಲಿ ಒಂದು ಸಮಯಕ್ಕೆ ಒಂದೇ ಗಾಡಿ ಇರುವಂತೆ ನೋಡಿಕೊಳ್ಳುವುದು ರೈಲು ಸಂಚಾರದ ಮೂಲಸೂತ್ರ. ಮುಂದಿನ ವಿಭಾಗವು ತೆರವಾಗಿದೆಯೆಂದು ಖಚಿತವಾಗುವವರೆಗೆ ಸಂಕೇತವು ಕೆಂಪಾಗಿಯೇ ಇರುತ್ತದೆ. ಮುಂದಿನ ಗಾಡಿಯ ಎಂಜಿನ್ ಕೆಟ್ಟಿದ್ದರೆ, ವಿದ್ಯುತ್ ತಂತಿ ಕಡಿದಿದ್ದರೆ, ಹಳಿಯಲ್ಲಿ ಬಿರುಕು ಕಂಡುಬಂದಿದ್ದರೆ, ಹಿಂದಿನ ಗಾಡಿಗಳೆಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲಲೇಬೇಕಾಗುತ್ತದೆ.

ಮಳೆಗಾಲದ ಕಾರಣಗಳು ಇನ್ನೂ ಗಂಭೀರವಾದವು. ರೈಲು ಹಳಿಯು ಬರಿಯ ನೆಲದ ಮೇಲೆ ಮಲಗಿರುವುದಿಲ್ಲ. ಮಣ್ಣಿನ ಒಡ್ಡು, ಅದರ ಮೇಲೆ ಜಲ್ಲಿಕಲ್ಲಿನ ಹಾಸು, ಅದರ ಮೇಲೆ ಸ್ಲೀಪರುಗಳು, ಅವುಗಳ ಮೇಲೆ ಹಳಿ ಎಂಬ ಕ್ರಮವಿದೆ. ಗಾಡಿಯ ಭಾರವನ್ನು ನೆಲಕ್ಕೆ ಸಮನಾಗಿ ಹಂಚುವುದು ಜಲ್ಲಿಯ ಕೆಲಸ. ನೀರು ರಭಸದಿಂದ ಅಡ್ಡಹಾಯ್ದಾಗ ಮೊದಲು ಕೊಚ್ಚಿಹೋಗುವುದು ಈ ಜಲ್ಲಿ. ಬಳಿಕ ಅದರ ಕೆಳಗಿನ ಮಣ್ಣು. ಮೇಲೆ ಹಳಿಯು ಯಥಾಸ್ಥಿತಿಯಲ್ಲಿರುವಂತೆ ತೋರಿದರೂ ಕೆಳಗೆ ಆಧಾರವೇ ಇಲ್ಲದಿರಬಹುದು. ಕೆಸರು ನೀರಿನಡಿಯಲ್ಲಿ ಇದು ಚಾಲಕನ ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಹಳಿಯ ಮೇಲೆ ನೀರು ಬಂದಾಗ ಗಾಡಿಯನ್ನು ನಿಲ್ಲಿಸಿ, ಸಿಬ್ಬಂದಿಯು ಮಾರ್ಗವನ್ನು ಪರೀಕ್ಷಿಸಿ, ಅದು ಭದ್ರವಾಗಿದೆಯೆಂದು ಮನವರಿಕೆಯಾದ ಮೇಲೆಯೇ ಅತಿ ನಿಧಾನವಾಗಿ ಮುಂದೆ ಬಿಡುವುದು ಕ್ರಮ. ಈ ಪರೀಕ್ಷೆಗೆ ತಗಲುವ ಒಂದೆರಡು ಗಂಟೆ ಪ್ರಯಾಣಿಕರಿಗೆ ಬೇಸರ ತರಿಸಬಹುದು. ಆದರೆ ಆ ಹೊತ್ತು ವ್ಯರ್ಥವಾದುದಲ್ಲ.

ಕೊಂಕಣ ಮಾರ್ಗ ಕಲಿಸಿದ ಪಾಠ

ಈ ಮಾತಿನ ಸತ್ಯವನ್ನು ಕೊಂಕಣ ರೈಲು ಮಾರ್ಗವು ಬಹು ದೊಡ್ಡ ಬೆಲೆ ತೆತ್ತು ಕಲಿತಿದೆ. ಮಹಾರಾಷ್ಟ್ರದ ರೋಹಾದಿಂದ ಗೋವಾ ಹಾಗೂ ಉತ್ತರ ಕನ್ನಡ, ಉಡುಪಿ ಜಿಲ್ಲೆಗಳನ್ನು ಹಾದು ಮಂಗಳೂರಿನ ಬಳಿಯ ತೋಕೂರಿನವರೆಗೆ 741 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಈ ಮಾರ್ಗವು 1998ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ಅಲ್ಲಿಯವರೆಗೆ ಘಟ್ಟದ ರಸ್ತೆಗಳಲ್ಲಿ ಬಸ್ಸಿನಲ್ಲಿ ರಾತ್ರಿ ಹಗಲು ಕಳೆಯುತ್ತಿದ್ದ ಮುಂಬಯಿಯ ಕರಾವಳಿ ಕನ್ನಡಿಗರಿಗೆ ಇದು ಊರನ್ನು ಹತ್ತಿರ ತಂದಿತು. ಆದರೆ ಸಹ್ಯಾದ್ರಿಯ ಅಡಿಯಲ್ಲಿ, ಗುಡ್ಡಗಳನ್ನು ಕಡಿದು, ಸುರಂಗಗಳನ್ನು ಕೊರೆದು, ನೂರಾರು ಹೊಳೆಗಳಿಗೆ ಸೇತುವೆ ಕಟ್ಟಿ ನಿರ್ಮಿಸಿದ ಮಾರ್ಗವಿದು. ದೇಶದಲ್ಲಿ ಅತಿ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲಿ ಹಾದುಹೋಗುವಂಥದು.

2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೋಗುತ್ತಿದ್ದ ವಿಶೇಷ ಗಾಡಿಯೊಂದು ವೈಭವವಾಡಿ ಸಮೀಪ ಹಳಿಯ ಮೇಲೆ ಉರುಳಿಬಿದ್ದಿದ್ದ ಬಂಡೆಗಳಿಗೆ ಬಡಿದು ಹಳಿ ತಪ್ಪಿತು. ಐವತ್ತಕ್ಕೂ ಹೆಚ್ಚು ಮಂದಿ ಮೃತರಾದರು. ಬೇಸಿಗೆ ರಜೆ ಮುಗಿಸಿ ಮರಳುವ ಕಾಲವದು. ಒಂದು ವರ್ಷ ತುಂಬುವ ಮೊದಲೇ, 2004ರ ಜೂನ್ 16ರಂದು, ಮಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ರಾಯಗಡ ಜಿಲ್ಲೆಯ ಕರಂಜಾಡಿ ಬಳಿ ಬಂಡೆಗೆ ಬಡಿದು ಹಳಿ ತಪ್ಪಿ, ಅದರ ಬೋಗಿಗಳು ಸೇತುವೆಯಿಂದ ಕೆಳಕ್ಕುರುಳಿದವು. ಇಲ್ಲಿಯೂ ಅನೇಕರು ಮೃತರಾದರು. ಎರಡೂ ಗಾಡಿಗಳು ಓಡುತ್ತಿದ್ದಾಗಲೇ ಅಪಘಾತಕ್ಕೀಡಾದವು; ಬಂಡೆ ಬಿದ್ದ ಸುದ್ದಿ ಚಾಲಕನಿಗೆ ಮುಂಚಿತವಾಗಿ ತಿಳಿದು ಗಾಡಿ ನಿಂತಿದ್ದರೆ ಈ ಸಾವುಗಳು ಸಂಭವಿಸುತ್ತಿರಲಿಲ್ಲ.

ಆ ದುರಂತಗಳ ತರುವಾಯ ಈ ಮಾರ್ಗದಲ್ಲಿ ಕೈಗೊಂಡ ಕ್ರಮಗಳ ಗುರಿ, ಅಗತ್ಯ ಬಿದ್ದಾಗ ಗಾಡಿಯನ್ನು ಸಕಾಲದಲ್ಲಿ ನಿಲ್ಲಿಸುವುದೇ ಆಗಿದೆ. ಗುಡ್ಡದ ಇಳಿಜಾರುಗಳಿಗೆ ಉಕ್ಕಿನ ಬಲೆ ಹೊದಿಸಲಾಯಿತು. ಸಡಿಲ ಮಣ್ಣನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಇಳಿಜಾರನ್ನು ಕಡಿಮೆ ಮಾಡಲಾಯಿತು. ಮಳೆಗಾಲದಲ್ಲಿ ಅಪಾಯದ ಸ್ಥಳಗಳಲ್ಲಿ ಕಾವಲುಗಾರರು ಹಗಲಿರುಳು ಗಸ್ತು ತಿರುಗುತ್ತಾರೆ. ಮಳೆಯನ್ನು ಅಳೆಯುವ ಉಪಕರಣಗಳು ಮಾರ್ಗದುದ್ದಕ್ಕೂ ಇವೆ. ಕಾಳಿ, ಸಾವಿತ್ರಿ, ವಾಶಿಷ್ಠಿ ನದಿಗಳ ಸೇತುವೆಗಳಲ್ಲಿ ನೀರು ಅಪಾಯದ ಮಟ್ಟಕ್ಕೆ ಏರಿದಾಗ ಎಚ್ಚರಿಸುವ ವ್ಯವಸ್ಥೆ ಇದೆ. ಭಾರಿ ಮಳೆಯಿಂದ ದೃಷ್ಟಿ ಮಸುಕಾದಾಗ ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಓಡಿಸಬಾರದೆಂದು ಚಾಲಕರಿಗೆ ಸೂಚನೆ ಇರುತ್ತದೆ. ಪ್ರತಿವರ್ಷ ಜೂನ್ ತಿಂಗಳಿನಿಂದ ಅಕ್ಟೋಬರ್‌ವರೆಗೆ ಪ್ರತ್ಯೇಕವಾದ ಮಳೆಗಾಲದ ವೇಳಾಪಟ್ಟಿ ಜಾರಿಯಲ್ಲಿರುವುದೂ ಇದೇ ಕಾರಣದಿಂದ. ಮಳೆಗಾಲದಲ್ಲಿ ಗಾಡಿ ಹೆಚ್ಚು ಸಮಯ ತೆಗೆದುಕೊಳ್ಳುವುದನ್ನು ಕಂಡು ಬೇಸರಪಡುವವರು ಈ ಹಿನ್ನೆಲೆಯನ್ನು ನೆನೆಯಬೇಕು.

2021ರ ಜುಲೈ 22ರಂದು ಚಿಪಳೂಣದಲ್ಲಿ ವಾಶಿಷ್ಠಿ ನದಿ ಉಕ್ಕಿ ಪಟ್ಟಣವೇ ಮುಳುಗಿದಾಗ ಈ ವ್ಯವಸ್ಥೆಯ ಪರೀಕ್ಷೆ ನಡೆಯಿತು. ಸೇತುವೆಯ ಬಳಿ ನೀರು ಅಪಾಯದ ಮಟ್ಟವನ್ನು ಮೀರಿದೊಡನೆ ಆ ಭಾಗದ ಸಂಚಾರವನ್ನು ತಡೆದು, ದೂರದ ಗಾಡಿಗಳನ್ನು ಬೇರೆ ಬೇರೆ ನಿಲ್ದಾಣಗಳಲ್ಲಿ ನಿಲ್ಲಿಸಲಾಯಿತು. ಸುಮಾರು 6,000 ಪ್ರಯಾಣಿಕರು ಮಾರ್ಗಮಧ್ಯದಲ್ಲಿ ಉಳಿಯಬೇಕಾಯಿತು. ಅವರ ಪ್ರಯಾಣ ಕೆಟ್ಟಿತು. ಆದರೆ ಅವರಿದ್ದ ಗಾಡಿಗಳು ಪ್ರವಾಹದ ಬಾಯಿಗೆ ಹೋಗಲಿಲ್ಲ. ಬೆಂಗಳೂರು ಮತ್ತು ಮಂಗಳೂರುಗಳ ನಡುವಿನ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟವಿಭಾಗದಲ್ಲಿಯೂ ಇದೇ ಬಗೆಯ ತೊಂದರೆ ಇದೆ. ಅಲ್ಲಿ 2024ರ ಜುಲೈ 26ರಂದು ಎಡಕುಮೇರಿ ಸಮೀಪ ಭೂಕುಸಿತವಾಗಿ ಹಲವು ದಿನಗಳವರೆಗೆ ಗಾಡಿಗಳು ರದ್ದಾದವು.

ನಿಂತ ಗಾಡಿಗೆ ಕಾವಲು

ನಿಂತ ಗಾಡಿಗೆ ಹಿಂದಿನಿಂದ ಮತ್ತೊಂದು ಗಾಡಿ ಬಂದು ಬಡಿದರೆ ಎಂಬ ಭಯ ಪ್ರಯಾಣಿಕರಲ್ಲಿ ಇರುತ್ತದೆ. ಮೇಲೆ ಹೇಳಿದ ಸಂಕೇತ ವ್ಯವಸ್ಥೆಯೇ ಇದಕ್ಕೆ ಮೊದಲ ತಡೆ. ಅಪಘಾತ ಅಥವಾ ಅಡಚಣೆಯಿಂದ ಗಾಡಿ ನಿಂತಾಗ ಇನ್ನೊಂದು ತಡೆಯೂ ಸಿದ್ಧವಾಗುತ್ತದೆ. ಚಾಲಕನು ಎಂಜಿನ್ನಿನ ಮುಂಭಾಗದ ಮಿನುಗುದೀಪವನ್ನು ಬೆಳಗಿಸುತ್ತಾನೆ. ಎದುರಿನಿಂದ ಬರುವ ಗಾಡಿಯ ಚಾಲಕನಿಗೆ ಇದು ನಿಲ್ಲಬೇಕೆಂಬ ಸೂಚನೆ. 2022ರಿಂದ ಟ್ರೇನ್ ಮ್ಯಾನೇಜರ್ ಎಂದು ಕರೆಯಲ್ಪಡುತ್ತಿರುವ ಗಾರ್ಡ್, ಹಳಿಯ ಮೇಲೆ ಸದ್ದುಮಾಡಿ ಸಿಡಿಯುವ ಡೆಟೊನೇಟರುಗಳನ್ನು ಇಡಲು ಹೊರಡುತ್ತಾನೆ. ಬ್ರಾಡ್‌ಗೇಜ್ ಮಾರ್ಗದಲ್ಲಿ ಗಾಡಿಯಿಂದ 600 ಮೀಟರ್ ದೂರದಲ್ಲಿ ಒಂದು, 1,200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಡೆಟೊನೇಟರುಗಳನ್ನು ಇಡುವುದು ನಿಯಮ. ಬರುವ ಗಾಡಿಯ ಚಕ್ರಗಳು ಇವುಗಳ ಮೇಲೆ ಹಾದಾಗ ಸಿಡಿಯುವ ಸದ್ದು ಚಾಲಕನನ್ನು ಎಚ್ಚರಿಸುತ್ತದೆ.

ಇಷ್ಟು ದೂರ ಏಕೆಂಬುದನ್ನು ಗಮನಿಸಬೇಕು. ವೇಗದಲ್ಲಿರುವ ಎಕ್ಸ್‌ಪ್ರೆಸ್ ಗಾಡಿಯು ಬ್ರೇಕ್ ಹಾಕಿದೊಡನೆ ನಿಲ್ಲುವುದಿಲ್ಲ. ನಿಲ್ಲುವ ಹೊತ್ತಿಗೆ ಅದು ಒಂದು ಕಿಲೋಮೀಟರಿನಷ್ಟು ದೂರ ಸಾಗಿರಬಹುದು. ಹಳಿಯ ಮೇಲೆ ನಿಂತ ಮನುಷ್ಯನನ್ನು ಚಾಲಕ ಕಂಡರೂ, ಕಂಡ ಬಳಿಕ ಮಾಡಬಹುದಾದುದು ಅತ್ಯಲ್ಪ. ತಿರುವಿನಲ್ಲಿಯಂತೂ ಕಾಣುವುದೇ ತಡವಾಗುತ್ತದೆ. ಇನ್ನೊಂದು ಮಾತೂ ಇದೆ. ಸರಪಳಿ ಎಳೆದ ಕ್ಷಣದಲ್ಲಿಯೇ ಪಕ್ಕದ ಹಳಿಯ ಸಂಚಾರ ತಾನಾಗಿ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಲು ಸಿಬ್ಬಂದಿಗೆ ಸಮಯ ಬೇಕು. ಗಾಡಿ ನಿಂತ ಮೊದಲ ಕೆಲವು ನಿಮಿಷಗಳಲ್ಲಿ ಪಕ್ಕದ ಹಳಿಯ ಮೇಲೆ ಇಳಿಯುವುದು ಆದುದರಿಂದಲೇ ಅತ್ಯಂತ ಅಪಾಯಕರ.

ಬೋಗಿಯೊಳಗೆ ಪಾಲಿಸಬೇಕಾದ ಕ್ರಮ

ಗಾಡಿ ಅನಿರೀಕ್ಷಿತವಾಗಿ ನಿಂತಾಗ ಮೊದಲು ಮಾಡಬೇಕಾದುದು ತಮ್ಮ ಸ್ಥಳದಲ್ಲಿಯೇ ಇದ್ದು ಮಾಹಿತಿ ಪಡೆಯುವುದು. ಟಿಕೆಟ್ ಪರೀಕ್ಷಕರು, ಬೋಗಿಯ ಸೇವಕರು, ರೈಲ್ವೆ ರಕ್ಷಣಾ ಪಡೆಯ ಸಿಬ್ಬಂದಿ ಇವರಲ್ಲಿ ಯಾರನ್ನಾದರೂ ವಿಚಾರಿಸಬಹುದು. ಇವರು ಸಿಗದಿದ್ದಲ್ಲಿ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಬಹುದು. ಹಿಂದೆ ಬೇರೆ ಬೇರೆಯಾಗಿದ್ದ ರೈಲ್ವೆ ಸಹಾಯವಾಣಿಗಳು 2021ರಲ್ಲಿ ಈ ಒಂದೇ ಸಂಖ್ಯೆಯಲ್ಲಿ ವಿಲೀನಗೊಂಡವು. ಕರೆ ಮಾಡುವಾಗ ಗಾಡಿಯ ಸಂಖ್ಯೆ, ಬೋಗಿ ಹಾಗೂ ಆಸನದ ಸಂಖ್ಯೆಗಳನ್ನು ಹೇಳಬೇಕು. ಗಾಡಿ ಎಲ್ಲಿ ನಿಂತಿದೆಯೆಂದು ತಿಳಿಯದಿದ್ದರೆ ಕಿಟಕಿಯಿಂದಲೇ ಹೊರಗೆ ನೋಡಬಹುದು. ವಿದ್ಯುತ್ ಮಾರ್ಗದ ಕಂಬಗಳ ಮೇಲೆ ಕಿಲೋಮೀಟರ್ ಮತ್ತು ಕಂಬದ ಕ್ರಮಸಂಖ್ಯೆಯನ್ನು ಬರೆದಿರುತ್ತಾರೆ. ಆ ಸಂಖ್ಯೆಯಿಂದ ರೈಲ್ವೆ ಸಿಬ್ಬಂದಿ ಸ್ಥಳವನ್ನು ನಿಖರವಾಗಿ ಗುರುತಿಸಬಲ್ಲರು.

ಕಿವಿಯಿಂದ ಕಿವಿಗೆ ಬಂದ ಸುದ್ದಿಯನ್ನು ಮುಂದಕ್ಕೆ ದಾಟಿಸಬಾರದು. ಹೊಗೆ ಅಥವಾ ಬೆಂಕಿಯನ್ನು ತಾವೇ ಕಂಡಿದ್ದರೆ ಮಾತ್ರ ಮುಂದಿನ ಕ್ರಮ. ಆಗ ಸಾಮಾನುಗಳನ್ನು ಬಿಟ್ಟು, ಬೋಗಿಗಳ ನಡುವಿನ ದಾರಿಯಿಂದ ಪಕ್ಕದ ಬೋಗಿಗೆ ಹೋಗುವುದು ಮೊದಲ ಆಯ್ಕೆ. ಹೊಗೆ ತುಂಬಿದ್ದರೆ ಮೂಗಿಗೆ ಒದ್ದೆ ಬಟ್ಟೆ ಹಿಡಿದು, ಬಗ್ಗಿ ನಡೆಯಬೇಕು. ಗಾಡಿಯನ್ನು ನಿಲ್ಲಿಸಲು ಸರಪಳಿ ಎಳೆಯಬಹುದು. ಆದರೆ ಗಾಡಿ ಸುರಂಗದಲ್ಲಿಯೋ ಸೇತುವೆಯ ಮೇಲೆಯೋ ಇರುವಾಗ ಸಾಧ್ಯವಾದಷ್ಟು ಮಟ್ಟಿಗೆ ಅದನ್ನು ದಾಟುವವರೆಗೆ ತಾಳಬೇಕು. ಇಳಿಯಲೇಬೇಕಾದಾಗ ಬಾಗಿಲು ದೂರವಿದ್ದರೆ ಕೆಂಪು ಗುರುತಿನ ತುರ್ತು ಕಿಟಕಿಯನ್ನು ಬಳಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದಲ್ಲಿ ಇನ್ನೊಂದು ಹಳಿ ಇಲ್ಲದ ಬದಿಗೆ ಇಳಿದು, ಮಾರ್ಗದಿಂದ ದೂರ ಸರಿಯಬೇಕು. ಮಾರ್ಗದ ಮೇಲಿನ ತಂತಿಗಳಲ್ಲಿ 25,000 ವೋಲ್ಟ್ ವಿದ್ಯುತ್ ಹರಿಯುತ್ತಿರುತ್ತದೆ. ಕಡಿದು ಬಿದ್ದ ತಂತಿಯ ಹತ್ತಿರ ಸುಳಿಯಬಾರದು. ನೆರೆ ಬಂದಾಗಲೂ ಬೋಗಿಯ ಮಾಳಿಗೆ ಏರಬಾರದು.

ಸಕಾರಣವಿಲ್ಲದೆ ಸರಪಳಿ ಎಳೆಯುವುದು 1989ರ ರೈಲ್ವೆ ಅಧಿನಿಯಮದ 141ನೆಯ ಪ್ರಕರಣದ ಮೇರೆಗೆ ಅಪರಾಧ. ಒಂದು ವರ್ಷದವರೆಗಿನ ಸೆರೆವಾಸ, 1,000 ರೂಪಾಯಿಗಳವರೆಗಿನ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದು. ಆದರೆ ಬೆಂಕಿ, ಗಾಡಿಯಿಂದ ಯಾರಾದರೂ ಬೀಳುವುದು ಮೊದಲಾದ ನಿಜವಾದ ಆಪತ್ತಿನಲ್ಲಿ ಸರಪಳಿ ಎಳೆಯಲು ಹಿಂಜರಿಯಬೇಕಾಗಿಲ್ಲ. ಅದು ಇರುವುದೇ ಅದಕ್ಕಾಗಿ.

ಗಾಡಿ ಗಂಟೆಗಟ್ಟಲೆ ನಿಂತರೆ ಬೋಗಿಯು ಒಂದು ಸಣ್ಣ ಊರಿನಂತಾಗುತ್ತದೆ. ಒಬ್ಬರ ಬಳಿಯಿರುವ ನೀರು, ಇನ್ನೊಬ್ಬರ ಬುತ್ತಿ, ಮತ್ತೊಬ್ಬರ ಔಷಧಿ ಎಲ್ಲರ ಉಪಯೋಗಕ್ಕೆ ಬರುತ್ತವೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಮಧುಮೇಹದ ರೋಗಿಗಳಿಗೆ, ವೃದ್ಧರಿಗೆ ಆಹಾರವೂ ನೀರೂ ಮೊದಲು ಸಲ್ಲಬೇಕು. ಶೌಚಾಲಯದ ನೀರು ಮಿತವಾಗಿರುವುದರಿಂದ ಎಚ್ಚರದಿಂದ ಬಳಸಬೇಕು. ಒಂದು ಕುಟುಂಬದಲ್ಲಿ ನಾಲ್ಕು ಮೊಬೈಲ್ ದೂರವಾಣಿಗಳಿದ್ದರೆ ಒಂದನ್ನು ಬಳಸಿ ಉಳಿದವನ್ನು ಆರಿಸಿಡುವುದು ಜಾಣತನ. ವೈದ್ಯಕೀಯ ನೆರವು ಬೇಕಾದಲ್ಲಿ 139ರ ಮೂಲಕ ಅಥವಾ ಟಿಕೆಟ್ ಪರೀಕ್ಷಕರ ಮೂಲಕ ತಿಳಿಸಿದರೆ ಮುಂದಿನ ನಿಲ್ದಾಣದಲ್ಲಿ ವೈದ್ಯರನ್ನು ಕರೆಸುವ ವ್ಯವಸ್ಥೆ ಇದೆ. ರಕ್ಷಣಾ ಪಡೆ ಬಂದಾಗ ಅವರು ಹೇಳಿದ ಕ್ರಮದಲ್ಲಿ ಇಳಿಯಬೇಕು. ದೋಣಿಗೆ ಎಲ್ಲರೂ ಒಮ್ಮೆಲೇ ನುಗ್ಗಿದರೆ ದೋಣಿ ಮಗುಚುವ ಸಂಭವವಿರುತ್ತದೆ.

ಟಿಕೆಟಿನ ಹಣ ಮರಳಿ ಪಡೆಯುವ ಬಗೆ

ಪ್ರಾಣಾಪಾಯದಿಂದ ಪಾರಾದ ಬಳಿಕ ಹಣದ ವಿಚಾರ. ಟಿಕೆಟ್ ರದ್ದತಿ ಹಾಗೂ ಹಣ ಮರುಪಾವತಿಗೆ 2015ರ ನಿಯಮಗಳು ಆಧಾರವಾಗಿವೆ. ಇವು ಆಗಾಗ ತಿದ್ದುಪಡಿ ಹೊಂದುವುದರಿಂದ ಹೊರಡುವ ಮುನ್ನ ನಿಲ್ದಾಣದಲ್ಲಿ ಅಥವಾ 139ರಲ್ಲಿ ವಿಚಾರಿಸಿಕೊಳ್ಳುವುದು ಒಳಿತು. ಮುಖ್ಯ ಸಂದರ್ಭಗಳು ಹೀಗಿವೆ:

(1) ನೆರೆ, ಭೂಕುಸಿತ, ಅಪಘಾತಗಳ ಕಾರಣ ಗಾಡಿಯೇ ರದ್ದಾದರೆ ಪೂರ್ಣ ಹಣ ಸಲ್ಲುತ್ತದೆ. ಇ-ಟಿಕೆಟ್ ಪಡೆದವರ ಖಾತೆಗೆ ಹಣ ತಾನಾಗಿಯೇ ಜಮೆಯಾಗುತ್ತದೆ. ನಿಲ್ದಾಣದ ಕಿಂಡಿಯಲ್ಲಿ ಟಿಕೆಟ್ ಕೊಂಡವರು, ಗಾಡಿ ಹೊರಡಬೇಕಾಗಿದ್ದ ದಿನದಿಂದ ಮೂರು ದಿನಗಳೊಳಗೆ ಟಿಕೆಟನ್ನು ಒಪ್ಪಿಸಬೇಕು.

(2) ಪ್ರಯಾಣಿಕರು ಹತ್ತಬೇಕಾದ ನಿಲ್ದಾಣದಲ್ಲಿ ಗಾಡಿಯು ಮೂರು ಗಂಟೆಗಿಂತ ಹೆಚ್ಚು ತಡವಾದರೆ, ಪ್ರಯಾಣವನ್ನು ಕೈಬಿಟ್ಟು ಪೂರ್ಣ ಹಣ ಪಡೆಯಬಹುದು. ಆದರೆ ಗಾಡಿ ಆ ನಿಲ್ದಾಣದಿಂದ ನಿಜವಾಗಿ ಹೊರಡುವ ಮೊದಲೇ ಟಿಕೆಟನ್ನು ಒಪ್ಪಿಸಬೇಕು, ಇ-ಟಿಕೆಟಾದರೆ ಟಿ.ಡಿ.ಆರ್., ಅಂದರೆ ಟಿಕೆಟ್ ಠೇವಣಿ ರಸೀದಿಯ ಅರ್ಜಿಯನ್ನು ಗಣಕಜಾಲದಲ್ಲಿ ಸಲ್ಲಿಸಬೇಕು. ಗಾಡಿ ಹೋದ ಮೇಲೆ ಕೇಳಿದರೆ ಈ ಸೌಲಭ್ಯ ದೊರೆಯದು.

(3) ಗಾಡಿ ಮಾರ್ಗಮಧ್ಯದಲ್ಲಿಯೇ ನಿಂತುಹೋಗಿ, ಸೂಕ್ತ ಸಮಯದೊಳಗೆ ಪ್ರಯಾಣಿಕರನ್ನು ಗುರಿ ಮುಟ್ಟಿಸಲು ರೈಲ್ವೆ ಆಡಳಿತವು ಬದಲಿ ವ್ಯವಸ್ಥೆ ಮಾಡದಿದ್ದರೆ ಅಥವಾ ಮಾಡಲಾಗದಿದ್ದರೆ, ಸಾಗಿದ ದೂರವನ್ನು ಲೆಕ್ಕಿಸದೆ ಇಡೀ ಪ್ರಯಾಣದ ಹಣ ಮರಳಿ ಸಲ್ಲುತ್ತದೆ. ಬದಲಿ ಗಾಡಿ ಅಥವಾ ಬಸ್ಸಿನ ವ್ಯವಸ್ಥೆ ಮಾಡಿದ್ದರೂ ಪ್ರಯಾಣಿಕರು ಅದನ್ನು ಬಳಸಲು ಇಚ್ಛಿಸದಿದ್ದರೆ, ಸಾಗದೆ ಉಳಿದ ದೂರದ ಹಣ ಮಾತ್ರ ದೊರೆಯುತ್ತದೆ.

(4) ಮೊದಲ ಗಾಡಿ ತಡವಾದುದರಿಂದ ಮುಂದಿನ ಸಂಪರ್ಕದ ಗಾಡಿ ತಪ್ಪಿದರೆ, ಸಾಗದ ದೂರದ ಹಣಕ್ಕಾಗಿ, ಮೊದಲ ಗಾಡಿ ನಿಜವಾಗಿ ಬಂದು ಸೇರಿದ ಮೂರು ಗಂಟೆಗಳೊಳಗೆ ಟಿಕೆಟ್ ಒಪ್ಪಿಸಬೇಕು.

(5) ಹವಾನಿಯಂತ್ರಿತ ಬೋಗಿಯಲ್ಲಿ ಯಂತ್ರ ಕೆಟ್ಟಿದ್ದರೆ, ಅದು ಕೆಟ್ಟಿದ್ದಷ್ಟು ದೂರಕ್ಕೆ ದರದ ವ್ಯತ್ಯಾಸವನ್ನು ಕೇಳಬಹುದು. ಟಿಕೆಟ್ ಪರೀಕ್ಷಕರಿಂದ ಆ ಬಗ್ಗೆ ಲಿಖಿತ ಪ್ರಮಾಣಪತ್ರ ಪಡೆದು, ಗಾಡಿ ಗುರಿ ತಲುಪಿದ 20 ಗಂಟೆಗಳೊಳಗೆ ಅರ್ಜಿ ಸಲ್ಲಿಸಬೇಕು.

ಈ ಐದರಲ್ಲಿಯೂ ಕಂಡುಬರುವ ಸಮಾನ ಅಂಶಗಳು ಕಾಲಮಿತಿ ಹಾಗೂ ಬರಹ. ಹಕ್ಕು ಇದ್ದೂ ಹಣ ಕಳೆದುಕೊಳ್ಳುವವರಲ್ಲಿ ಅನೇಕರು ದಣಿವಿನಿಂದ ಮನೆ ಸೇರಿ, ನಾಲ್ಕು ದಿನ ಕಳೆದ ಮೇಲೆ ವಿಚಾರಿಸುವವರು. ಟಿಕೆಟನ್ನು ಜೋಪಾನವಾಗಿ ಇಟ್ಟುಕೊಳ್ಳುವುದು, ಗಾಡಿ ನಿಂತ ಮತ್ತು ಹೊರಟ ಸಮಯವನ್ನು ಬರೆದಿಟ್ಟುಕೊಳ್ಳುವುದು, ಬಾಯಿಮಾತಿನ ಭರವಸೆಗೆ ಬದಲಾಗಿ ರಸೀದಿ ಅಥವಾ ದೂರಿನ ಸಂಖ್ಯೆಯನ್ನು ಪಡೆಯುವುದು ಅವಶ್ಯ.

ವಿಳಂಬಕ್ಕೆ ಹಾಗೂ ಅಪಘಾತಕ್ಕೆ ಪರಿಹಾರ

ಗಾಡಿ ತಡವಾದುದರಿಂದ ಆದ ಇತರ ನಷ್ಟಕ್ಕೆ ಪರಿಹಾರ ಉಂಟೇ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ಉತ್ತರ ನೀಡಿದೆ. ಗಾಡಿ ನಾಲ್ಕು ಗಂಟೆ ತಡವಾಗಿ ವಿಮಾನ ತಪ್ಪಿಸಿಕೊಂಡ ಕುಟುಂಬವೊಂದರ ಪ್ರಕರಣ ಅದು. ವಿಳಂಬವು ತನ್ನ ಹತೋಟಿಗೆ ಮೀರಿದ ಕಾರಣದಿಂದ ಆಯಿತೆಂದು ರೈಲ್ವೆ ಆಡಳಿತವು ಸಾಕ್ಷ್ಯಸಹಿತ ತೋರಿಸದಿದ್ದರೆ ಅದು ಪರಿಹಾರ ನೀಡಲು ಬದ್ಧವಾಗುತ್ತದೆ ಎಂಬುದು ಆ ತೀರ್ಪಿನ ಸಾರ. ನೆರೆ ಹಾಗೂ ಭೂಕುಸಿತಗಳು ಸಾಮಾನ್ಯವಾಗಿ ಹತೋಟಿಗೆ ಮೀರಿದವು. ಕಾರಣವನ್ನೇ ಹೇಳದ ವಿಳಂಬದ ಮಾತು ಬೇರೆ. ಇಂತಹ ದೂರನ್ನು ಗ್ರಾಹಕ ಆಯೋಗಕ್ಕೆ ಸಲ್ಲಿಸಬಹುದು.

ಅಪಘಾತದ ವಿಷಯದಲ್ಲಿ ಕಾನೂನು ಹೆಚ್ಚು ಉದಾರವಾಗಿದೆ. ರೈಲ್ವೆ ಅಧಿನಿಯಮದ 124ನೆಯ ಪ್ರಕರಣದ ಮೇರೆಗೆ, ಗಾಡಿಗಳು ಡಿಕ್ಕಿ ಹೊಡೆದಾಗ ಅಥವಾ ಹಳಿ ತಪ್ಪಿದಾಗ ಮೃತರಾದ ಇಲ್ಲವೆ ಗಾಯಗೊಂಡ ಪ್ರಯಾಣಿಕರಿಗೆ, ತಪ್ಪು ಯಾರದೆಂದು ಸಾಬೀತುಪಡಿಸುವ ಅಗತ್ಯವಿಲ್ಲದೆಯೇ ಪರಿಹಾರ ಸಲ್ಲಬೇಕು. ಚಲಿಸುವ ಗಾಡಿಯಿಂದ ಆಕಸ್ಮಿಕವಾಗಿ ಬಿದ್ದವರಿಗೆ 124-ಎ ಪ್ರಕರಣ ಅನ್ವಯಿಸುತ್ತದೆ. 2017ರ ಜನವರಿ 1ರಿಂದ ಮರಣಕ್ಕೆ ನಿಗದಿಯಾದ ಪರಿಹಾರ 8 ಲಕ್ಷ ರೂಪಾಯಿ. ಅದಕ್ಕೆ ಮೊದಲು ಇದು 4 ಲಕ್ಷವಾಗಿತ್ತು. ಅರ್ಜಿಯನ್ನು ಒಂದು ವರ್ಷದೊಳಗೆ ರೈಲ್ವೆ ಕ್ಲೇಮುಗಳ ನ್ಯಾಯಾಧಿಕರಣಕ್ಕೆ ಸಲ್ಲಿಸಬೇಕು. ಬೆಂಗಳೂರಿನಲ್ಲಿರುವಂತೆಯೇ ಮುಂಬಯಿ, ಚೆನ್ನೈ, ಸಿಕಂದರಾಬಾದು, ದೆಹಲಿಗಳಲ್ಲಿಯೂ ಇದರ ಪೀಠಗಳಿವೆ. ಅಪಘಾತದ ಗೊಂದಲದಲ್ಲಿ ಟಿಕೆಟ್ ಕಳೆದುಹೋಯಿತೆಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ.

ಆದರೆ ಸ್ವಇಚ್ಛೆಯಿಂದ ಹಳಿಯ ಮೇಲೆ ಇಳಿದು ನಡೆಯುವವರ ಸ್ಥಿತಿ ಬೇರೆ. ಅನುಮತಿಯಿಲ್ಲದೆ ಹಳಿಯ ಮೇಲೆ ಹೋಗುವುದು ಅಧಿನಿಯಮದ 147ನೆಯ ಪ್ರಕರಣದ ಮೇರೆಗೆ ಅತಿಕ್ರಮ ಪ್ರವೇಶವೆನಿಸುತ್ತದೆ. ಹೀಗಾದಾಗ ಪರಿಹಾರದ ಹಕ್ಕೂ ವಿವಾದಕ್ಕೆ ಒಳಗಾಗಬಹುದು. ಬೋಗಿಯನ್ನು ಬಿಟ್ಟವರು ಅದರ ಆಸರೆಯೊಂದಿಗೆ ಕಾನೂನಿನ ಆಸರೆಯನ್ನೂ ಕಳೆದುಕೊಳ್ಳುವ ಸಂಭವವಿದೆ.

ಹೊರಡುವ ಮುನ್ನ

ಮಳೆಗಾಲದಲ್ಲಿ ಊರಿಗೆ ಹೊರಡುವ ಕುಟುಂಬಗಳು ಕೆಲವು ಸಣ್ಣ ಸಿದ್ಧತೆಗಳನ್ನು ಮಾಡಿಕೊಂಡರೆ ದೊಡ್ಡ ಕಷ್ಟಗಳು ಹಗುರಾಗುತ್ತವೆ. ಗಾಡಿಯ ಸ್ಥಿತಿಗತಿಯನ್ನು ಹೊರಡುವ ದಿನ ಮತ್ತೊಮ್ಮೆ ವಿಚಾರಿಸಬೇಕು. ಒಂದು ಹೊತ್ತಿನ ಪ್ರಯಾಣಕ್ಕೂ ಎರಡು ಹೊತ್ತಿನ ಬುತ್ತಿ, ಸಾಕಷ್ಟು ನೀರು, ಎರಡು ದಿನಗಳಿಗೆ ಹೆಚ್ಚುವರಿ ಔಷಧಿ, ಒಂದು ಸಣ್ಣ ಟಾರ್ಚ್ ಜೊತೆಗಿರಲಿ. ಮನೆಯವರ ಹಾಗೂ ಊರಿನವರ ದೂರವಾಣಿ ಸಂಖ್ಯೆಗಳನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಬೇಕು. ಮದುವೆಯ ಮುಹೂರ್ತ, ಪರೀಕ್ಷೆ, ಆಸ್ಪತ್ರೆಯ ನಿಗದಿತ ದಿನ ಇವುಗಳಿಗೆ ಹೋಗುವವರು ಒಂದು ದಿನ ಮುಂಚಿತವಾಗಿ ಹೊರಡುವುದು ಕ್ಷೇಮ. ಒಂಟಿಯಾಗಿ ಪ್ರಯಾಣ ಮಾಡುವ ವೃದ್ಧರ ಜೇಬಿನಲ್ಲಿ ಅವರ ಹೆಸರು, ವಿಳಾಸ, ಕಾಯಿಲೆಯ ವಿವರಗಳುಳ್ಳ ಚೀಟಿ ಇರುವುದು ಒಳ್ಳೆಯದು.

ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನ ಪ್ರಯಾಣಿಕರು ಆ ದಿನ ಕೊಲ್ಲಾಪುರವನ್ನು ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಹಸಿವು, ಭಯ, ಬೇಸರಗಳನ್ನು ಅವರು ಅನುಭವಿಸಿದರು. ಆದರೆ ಅವರಿಗಾಗಿ ಕಾದಿದ್ದ ಮನೆಗಳಿಗೆ ಅವರೆಲ್ಲರೂ ಮರಳಿದರು. ಗಾಡಿ ನಿಂತಾಗ ಬಾಗಿಲಿನ ಕಡೆಗೆ ಓಡುವ ಮೊದಲು ಪ್ರತಿಯೊಬ್ಬ ಪ್ರಯಾಣಿಕರೂ ಈ ಮಾತನ್ನು ನೆನೆದು, ಪಕ್ಕದವರಿಗೂ ನೆನಪಿಸುವುದು ಆವಶ್ಯಕ.